ಪೊಂಪಿಲಿಯು ಹೇಳಿದ ಐದನೇ ಸಾಲು

ಸಿಬಿಯು ಊರಿನ ಕಲಾ ಕಾಲೇಜಿನಲ್ಲಿ ಪೊಂಪಿಲಿಯು ಮೂವತ್ತೊಂದು ವರ್ಷದಿಂದ ಮಡಕೆ ಸುಡುವ ಗೂಡು ನೋಡಿಕೊಳ್ಳುತ್ತಿದ್ದ. ಪದವಿಯಿಲ್ಲದ ಕಾರಣ ಕಾಗದದ ಮೇಲೆ ಅವನು ಬರೀ ಸಹಾಯಕ. ಹುಡುಗರ ಬಾಯಲ್ಲಿ ಮಾತ್ರ ಮೇಸ್ತ್ರಿ.

ಆ ವರ್ಷ ರಾಜಧಾನಿಯಿಂದ ಹೊಸ ನಮೂನೆ ಬಂತು. ಮೂರು ವರ್ಷದ ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನೇನು ಮಾಡಬಲ್ಲ ಎಂದು ಐದು ಸಾಲು ಬರೆಯಬೇಕು, ಬರೆದದ್ದನ್ನು ತಪಾಸಣೆಯವರ ಮುಂದೆ ಮಾಡಿ ತೋರಿಸಬೇಕು. ತಪ್ಪಿದರೆ ಆ ಪಾಠವೇ ರದ್ದು. ‘ಸೌಂದರ್ಯವನ್ನು ಅರಿಯುವನು’ ಎಂಬಂಥ ಸಾಲುಗಳೆಲ್ಲ ಕೆಂಪು ಗೆರೆ ಹೊತ್ತು ವಾಪಸು ಬಂದಿದ್ದವು. ಪ್ರಾಧ್ಯಾಪಕಿ ಡೊಯಿನಾ ನಾಲ್ಕು ಸಾಲು ಹೇಗೋ ಹೊಂದಿಸಿ, ಐದನೆಯದಕ್ಕೆ ಪೆನ್ನು ಕಚ್ಚುತ್ತ ಕೂತಿದ್ದಳು.

“ಮೇಸ್ತ್ರಿ, ಮೂರು ವರ್ಷ ನಿಮ್ಮ ಕೈಕೆಳಗಿದ್ದೋರಿಗೆ ಏನು ಬರತ್ತೆ ಹೇಳಿ.”

ಪೊಂಪಿಲಿಯು ಬ್ರೆಡ್ಡು, ಈರುಳ್ಳಿ ಅಗಿಯುತ್ತಲೇ ಅಂದ: “ಒಂದು ಸಲ ಸುಟ್ಟ ಮಡಕೆನ ತಟ್ಟಿ, ಕಣ್ಣಿಗೆ ಕಾಣದ ಬಿರುಕಿದ್ರೆ ಸದ್ದಲ್ಲೇ ಹೇಳ್ತಾರೆ.”

ಡೊಯಿನಾ ಅದನ್ನೇ ಬರೆದುಬಿಟ್ಟಳು. ಮನೆಗೆ ಹೋಗುವ ದಾರಿಯಲ್ಲಿ ಪೊಂಪಿಲಿಯುವಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಆ ಸದ್ದು ಅವನ ಕಿವಿಗೆ ಬೀಳದೆ ಎರಡು ವರ್ಷವಾಗಿತ್ತು. ಮಾತು ಕೇಳಿಸುತ್ತಿತ್ತು, ಆ ಸಣ್ಣ ನಾದ ಮಾತ್ರ ಕೇಳಿಸುತ್ತಿರಲಿಲ್ಲ. “ಮೊದಲು ನೀನು ಹೇಳು” ಎಂದು ಇಲ್ಕಾ ಎಂಬ ವಿದ್ಯಾರ್ಥಿನಿಯ ಕೈಲಿ ತಟ್ಟಿಸಿ, ಅವಳು ಏನೆಂದರೂ “ಸರಿ” ಎನ್ನುತ್ತಿದ್ದ. ಅದನ್ನೂ ಪಾಠವೆಂದೇ ಎಲ್ಲರೂ ತಿಳಿದಿದ್ದರು. ಗುಟ್ಟು ರಟ್ಟಾದರೆ ಕೆಲಸ ಹೋಗುತ್ತಿತ್ತು.

ತಪಾಸಣೆಯ ದಿನ ಬಂದ ಅಧಿಕಾರಿ ಒಂದು ಸಲ ಸುಟ್ಟ ಆರು ಬಟ್ಟಲು ಸಾಲಾಗಿ ಇಡಿಸಿ, ಇಲ್ಕಾಳನ್ನು ಹೊರಗೆ ಕಳಿಸಿ ಪೊಂಪಿಲಿಯುವಿಗೆ ಹೇಳಿದ: “ಮೊದಲು ನೀವು ಹೇಳಿ. ಅವಳ ಉತ್ತರ ನಿಮ್ಮದಕ್ಕೆ ತಾಳೆ ಆಗ್ಬೇಕು.”

ಪೊಂಪಿಲಿಯು ತಟ್ಟಿದ. ಆರೂ ಒಂದೇ. ಸುಮ್ಮನೆ ಒಂದನ್ನು ತೋರಿಸಬಹುದಿತ್ತು. ತಪ್ಪಿದರೆ ಇಲ್ಕಾಳ ಸರಿ ಉತ್ತರವೂ ತಪ್ಪಾಗಿ, ಪಾಠ ಮುಚ್ಚಿಹೋಗುತ್ತಿತ್ತು. ಅವನು ಬಟ್ಟಲು ಕೆಳಗಿಟ್ಟ.

“ನನಗೆ ಕೇಳಿಸಲ್ಲ ಸ್ವಾಮಿ. ಎರಡು ವರ್ಷದಿಂದ ಅವಳ ಮಾತಿನ ಮೇಲೇ ಎರಡನೇ ಸಲ ಸುಡೋಕೆ ಗೂಡು ತುಂಬಿಸ್ತಿದೀನಿ. ಒಂದೂ ಒಡೆದಿಲ್ಲ. ಅವಳನ್ನ ಕೇಳಿ, ಆಮೇಲೆ ಮಸಿ ಹಚ್ಚಿ ನೋಡಿ.”

ಡೊಯಿನಾ ಮುಖ ತಿರುಗಿಸಿಕೊಂಡಳು. ಒಳಗೆ ಬಂದ ಇಲ್ಕಾ ತಟ್ಟಿ ನಾಲ್ಕನೆಯದನ್ನು ಎತ್ತಿ ಕೊಟ್ಟಳು. ಮಸಿ ಹಚ್ಚಿ ಒರೆಸಿದರೆ ಕೂದಲೆಳೆಯಂಥ ಕಪ್ಪು ಗೆರೆ. ಉಳಿದ ಐದರಲ್ಲಿ ಏನೂ ಕಾಣಲಿಲ್ಲ.

ವಾರದ ಮೇಲೆ ವರದಿ ಬಂತು. ಡೊಯಿನಾ ಅರ್ಧ ಓದಿ ನಿಲ್ಲಿಸಿದಳು. ಪೊಂಪಿಲಿಯು ಕಾಗದ ಇಸಿದುಕೊಂಡು ಮೊದಲಿಂದ ಕೊನೆವರೆಗೆ ತಾನೇ ಗಟ್ಟಿಯಾಗಿ ಓದಿದ: ಐದನೇ ಸಾಲು ಸಾಬೀತಾಗಿದೆ, ಪಾಠ ಮುಂದುವರಿಯಲಿ, ಸಹಾಯಕನು ಈ ಕೆಲಸಕ್ಕೆ ಯೋಗ್ಯನಲ್ಲ.

“ಎರಡೂ ನಿಜವೇ” ಎಂದು ಕಾಗದ ಮಡಿಸಿ ಅವಳ ಕೈಗಿಟ್ಟ.