ವಾಸನೆಯೇ ಇಲ್ಲದ ಕಾರು

ಕಾರು ತೊಳೆಯುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪಾಲಿಶ್ ಅಕ್ಕ ಎಂದು. ಇಪ್ಪತ್ತು ವರ್ಷಗಳಿಂದ ಊರಿನ ಕಾರುಗಳೆಲ್ಲ ಅವಳ ಕೈಯಲ್ಲಿ ಮಿಂದೆದ್ದು ಹೋಗಿವೆ. ಬಣ್ಣದ ಮೇಲೆ ಬೆರಳಾಡಿಸಿದರೆ ಸಾಕು, ಯಾವುದು ಮರದಡಿ ನಿಲ್ಲುವ ಕಾರು, ಯಾವುದನ್ನು ಒಣಬಟ್ಟೆಯಲ್ಲಿ ಉಜ್ಜಿ ಹಾಳು ಮಾಡಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಇಷ್ಟಿದ್ದೂ ಹೆತ್ತ ತಾಯಿಯನ್ನು ಒಂದು ಕಾರಿನಲ್ಲಿ ಕೂರಿಸಲು ಅವಳಿಂದ ಆಗಿರಲಿಲ್ಲ.

ಅಮ್ಮನಿಗೆ ಕಾರಿನ ವಾಸನೆ ಆಗಿಬರುತ್ತಿರಲಿಲ್ಲ. ಬಾಗಿಲು ತೆರೆದರೇ ಹೊಟ್ಟೆ ತೊಳೆಸುತ್ತಿತ್ತು. ಮೊದಲ ತಿರುವಿನಲ್ಲೇ "ನಿಲ್ಸು!" ಎಂದು ಕೂಗಿ, ಇಳಿದು, ನಡೆದೇ ಮನೆಗೆ ವಾಪಸ್. ಬಸ್ಸೂ ಅಷ್ಟೇ. ಹೀಗಾಗಿ ಎರಡು ಗಂಟೆ ದೂರದಲ್ಲಿದ್ದ ಒಡಹುಟ್ಟಿದ ಅಕ್ಕನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಆ ದೊಡ್ಡಮ್ಮ ಈಗ ಹಾಸಿಗೆ ಬಿಟ್ಟು ಏಳುವಂತಿಲ್ಲ. ಫೋನ್ ಮಾಡಿದರೆ ಒಂದೇ ಮಾತು: "ಅವ್ಳು ಬರ್ತಾಳಾ, ಇಲ್ವಾ?"

"ಭಾನುವಾರ ಕರ್ಕೊಂಡೇ ಬರ್ತೀನಿ," ಎಂದು ಪಾಲಿಶ್ ಅಕ್ಕ ಮಾತು ಕೊಟ್ಟೇಬಿಟ್ಟಳು.

ಅಂಗಡಿ ಯಜಮಾನ ತನ್ನ ಹಳೆಯ ಕೆಂಪು ಕಾರು ಕೊಟ್ಟ. ಅದರಲ್ಲಿ ಅವನ ನಾಯಿಯೂ ಸವಾರಿ ಮಾಡುತ್ತಿತ್ತು. ವಾಸನೆ ಕೇಳಬೇಕೆ!

"ಸೆಂಟ್ ಹೊಡಿ, ಮುಗೀತು," ಎಂದ.

"ಸೆಂಟೇ ನಮ್ಮಮ್ಮನ ಶತ್ರು. ನಂಗೆ ವಾಸನೆಯೇ ಇಲ್ಲದ ಕಾರು ಬೇಕು."

ಶನಿವಾರ ಟೊಂಕ ಕಟ್ಟಿ ನಿಂತಳು. ಸೀಟು ಬಿಚ್ಚಿ ಬಿಸಿ ಆವಿ ಹಾಯಿಸಿದಳು, ಕಾರ್ಪೆಟ್ ಕಿತ್ತು ಒಗೆದು ಬಿಸಿಲಿಗೆ ಹಾಕಿದಳು, ಎಸಿಯ ಕೊಳಕು ಫಿಲ್ಟರ್ ಬದಲಿಸಿದಳು. ಭಾನುವಾರ ಬೆಳಗ್ಗೆ ಹೊರಮೈ. ಬಿಸಿಲಿಗೆ ಮಂಕಾಗಿದ್ದ ಕೆಂಪು ಮೂರನೇ ಸುತ್ತಿನ ಪಾಲಿಶಿಗೆ ಧಗ್ಗನೆ ಎದ್ದು ಬಂತು. ಅವಳು ಕುಣಿಯುವುದೊಂದು ಬಾಕಿ!

ಆ ಸಡಗರದಲ್ಲೇ ಎಡವಟ್ಟಾಯಿತು. ಕೆಲಸ ಮುಗಿದ ಕಾರಿಗೆ ಕೊನೆಗೊಮ್ಮೆ ಸೆಂಟ್ ಹೊಡೆಯುವುದು ಇಪ್ಪತ್ತು ವರ್ಷದ ರೂಢಿ. ಕೈ ತಾನಾಗಿ ಬಾಟಲಿ ಎತ್ತಿ ಹಿಂದಿನ ಸೀಟಿಗೆ ಪುಸ್ಸೆನಿಸಿತು. ಕಾರೆಲ್ಲ ನಿಂಬೆಯ ಘಮ.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಮತ್ತೆ ಸೀಟು ಬಿಚ್ಚಿದಳು. ಕವರು ಒಗೆದಳು, ಸ್ಪಂಜಿಗೆ ಆವಿ ಕೊಟ್ಟಳು, ಬಿಸಿಲಲ್ಲಿಟ್ಟು ಫ್ಯಾನೂ ಬಿಟ್ಟಳು. ಹತ್ತು ಹತ್ತು ನಿಮಿಷಕ್ಕೆ ಮೂಗಿಟ್ಟು ನೋಡಿದಳು. ಹತ್ತಕ್ಕೆ ಹೊರಡಬೇಕಿದ್ದವಳು ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು. ಅಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಳಗ್ಗೆಯಿಂದ ಮೆಟ್ಟಿಲ ಮೇಲೇ ಕೂತಿದ್ದಳು.

ಅಮ್ಮ ಎದ್ದು ಬಂದು ಬಾನೆಟ್ಟಿನಲ್ಲಿ ಮುಖ ನೋಡಿ ಕೂದಲು ಸರಿಮಾಡಿಕೊಂಡಳು. "ಹೊರಗೇನೋ ಥಳಥಳ ಅಂತಿದೆ. ಒಳಗೆ ಹೇಗೋ!" ಎಂದು ಮೂಗು ಮುಚ್ಚಿಕೊಂಡೇ ಹಿಂದಿನ ಸೀಟಿನಲ್ಲಿ ಕೂತಳು.

ಕಾರು ಹೊರಟಿತು. ಮಗಳದು ರಸ್ತೆಯ ಮೇಲೊಂದು ಕಣ್ಣು, ಕನ್ನಡಿಯಲ್ಲಿದ್ದ ಅಮ್ಮನ ಮುಖದ ಮೇಲೊಂದು ಕಣ್ಣು. ಮೊದಲ ತಿರುವು ಬಂತು, ದಾಟಿತು. ಎರಡನೆಯದೂ ದಾಟಿತು! ಅಮ್ಮನ ಕೈ ಮೂಗಿನಿಂದ ಕೆಳಗಿಳಿದಿತ್ತು. ಹಾರನ್ ಬಾರಿಸಿ ಊರಿಗೆಲ್ಲ ಸಾರಿಬಿಡೋಣ ಎನಿಸುವಷ್ಟು ಖುಷಿ ಮಗಳಿಗೆ.

"ನಿಲ್ಸು!"

ಮಗಳು ಗಕ್ಕನೆ ಬ್ರೇಕ್ ಒತ್ತಿದಳು. ಪಟ್ಟ ಪಾಡೆಲ್ಲ ಮಣ್ಣುಪಾಲಾಯಿತು ಎಂದುಕೊಂಡು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಅಮ್ಮ ಇಳಿದು ಬಾಗಿಲನ್ನು ಧಡ್ಡನೆ ಹಾಕಿದಳು. ಆದರೆ ಮನೆಯ ಕಡೆ ತಿರುಗಲಿಲ್ಲ. ಮುಂದಿನ ಬಾಗಿಲು ತೆರೆದು ಮಗಳ ಪಕ್ಕ ಬಂದು ಕೂತಳು.

"ಹಿಂದೆ ಕೂತ್ರೆ ಏನೂ ಕಾಣಲ್ಲ ಕಣೇ. ಸ್ವಲ್ಪ ಜೋರಾಗಿ ಬಿಡು, ನಿನ್ ದೊಡ್ಡಮ್ಮ ಕಾಯ್ತಿರ್ತಾಳೆ."