‘ನೀ ಹೋಗು’ ಎನ್ನುವ ತನಕ

ಸುಲ್ತಾನ್ ಬಜಾರಿನ ಹಿಂದೆ ನಮ್ಮ ಗಲ್ಲಿಯಲ್ಲಿ ಒಂದು ಬಾಲವಾಡಿ ಇದೆ. ಈ ತೆಲುಗು ಸೀಮೆಯಲ್ಲಿ ನೆಲೆಸಿದ ಕನ್ನಡದ ಹೆಂಗಸರು ಸೇರಿ ನಡೆಸುವುದು. ಒಂದೇ ದೊಡ್ಡ ಕೋಣೆ, ಶಹಾಬಾದ್ ಕಲ್ಲಿನ ನೆಲ, ಕಲಿಸಲು ಒಬ್ಬರೇ ಅಕ್ಕೋರು. ಬಣ್ಣಬಣ್ಣದ ಬೋರ್ಡಿನ ಶಾಲೆಗಳು ಸುತ್ತಮುತ್ತ ಎಷ್ಟೋ ಹುಟ್ಟಿದವು, ಎಷ್ಟೋ ಮುಚ್ಚಿದವು. ಇದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ.

ಅಲ್ಲಿ ಒಂದು ಪದ್ಧತಿ. ಅಳುವ ಕೂಸನ್ನು ಒಳಗೆ ನೂಕಿ ಓಡಿಹೋಗುವಂತಿಲ್ಲ. ಬಿಡಲು ಬಂದವರು ಹಿಂದಿನ ಗೋಡೆಯ ಪಕ್ಕದ ಚಾಪೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಕೂಸು ತಾನಾಗಿ ಬಂದು ‘ನೀ ಹೋಗು’ ಎನ್ನಬೇಕು, ಆಗಲೇ ಏಳಬೇಕು. ಕೆಲವರು ಅರ್ಧ ದಿನದಲ್ಲಿ ಪಾರಾಗುತ್ತಾರೆ. ನಮ್ಮವ್ವ ನನಗಾಗಿ ಹನ್ನೊಂದು ದಿನ ಕೂತಿದ್ದಳಂತೆ, ಅಷ್ಟರಲ್ಲಿ ಒಂದು ಸ್ವೆಟರ್ ಹೆಣೆದು ಮುಗಿಸಿದ್ದಳಂತೆ.

ಗಲ್ಲಿಯಲ್ಲಿ ಈ ಲೆಕ್ಕವನ್ನು ಯಾರೂ ಮರೆಯುವುದಿಲ್ಲ. ಬಳೆ ಅಂಗಡಿಯವನು ತೂಕದ ಮನುಷ್ಯ, ಮೀಸೆ ಬಿಟ್ಟಿದ್ದಾನೆ. ಆದರೂ ಚೌಕಾಸಿ ಮಾಡುವಾಗ ‘ಒಂಬತ್ತು ದಿನ ಅತ್ತಾಂವ ನೀನು’ ಎಂದರೆ ಸಾಕು, ಮೆತ್ತಗಾಗುತ್ತಾನೆ. ನನ್ನನ್ನು ನೋಡಲು ಬಂದಾಗ ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆ ಅಡುಗೆಯದಲ್ಲ. ‘ಹುಡುಗಿ ಎಷ್ಟು ದಿನಕ್ಕ ಬಿಟ್ಟಳರಿ?’ ನಮ್ಮವ್ವ ನಾಲ್ಕು ಎಂದು ಸುಳ್ಳು ಹೇಳಿದಳು. ಗುಟ್ಟು ರಟ್ಟಾಗುವ ಹೊತ್ತಿಗೆ ಮದುವೆ ಮುಗಿದಿತ್ತು.

ಈಗ ನನ್ನ ಮೊಮ್ಮಗಳ ಸರದಿ. ವಯಸ್ಸು ಮೂರು. ಮಗಳು, ಅಳಿಯ ಇಬ್ಬರೂ ಊರಿನ ಆ ತುದಿಯ ಮಣಿಕೊಂಡದಲ್ಲಿದ್ದಾರೆ, ಇಬ್ಬರಿಗೂ ಆಫೀಸು. ಹಾಗಾಗಿ ಕೂಸು ಸೋಮವಾರದಿಂದ ಶನಿವಾರದವರೆಗೆ ನನ್ನ ಹತ್ತಿರ, ಭಾನುವಾರ ಅವರ ಹತ್ತಿರ. ನಾನು ನಿವೃತ್ತಳಾದ ಮೇಲೆ ನನ್ನ ಮನೆಯಲ್ಲಿ ಸದ್ದು ಅಂತ ಇದ್ದರೆ ಅದು ಆ ಕೂಸಿನದು. ಅಳಿಯನಿಗೆ ಮಣಿಕೊಂಡದಲ್ಲೇ ಒಂದು ಶಾಲೆ ಕಣ್ಣಿಗೆ ಬಿದ್ದಿತ್ತು. ಸಂಜೆ ಏಳರವರೆಗೆ ಮಕ್ಕಳನ್ನು ಇಟ್ಟುಕೊಳ್ಳುತ್ತಾರಂತೆ, ಏಸಿ ಇದೆಯಂತೆ. ನಾನು ಉರಿದುಬಿದ್ದೆ. ಮಗಳು ನಡುವೆ ಬಂದಳು.

“ಅಮ್ಮಾ, ಒಂದು ವಾರ ಬಾಲವಾಡಿ ನೋಡೂಣು. ಶನಿವಾರದೊಳಗ ಆಕಿ ಒಗ್ಗಿದರ ನಿನ್ನ ಕಡೇನ ಇರಲಿ. ಇಲ್ಲಂದ್ರ ಮಣಿಕೊಂಡಕ್ಕ ಕರಕೊಂಡು ಹೋಗತೀನಿ. ಆಮ್ಯಾಲ ಜಗಳ ತಗೀಬ್ಯಾಡ.”

ಅಂದರೆ ನನಗೆ ಭಾನುವಾರ ಉಳಿಯುತ್ತದೆ, ಅದೂ ಅವರಿಗೆ ಬಿಡುವಿದ್ದರೆ. ಕೂಸು ತಾನಾಗಿ ಹೇಳುವುದನ್ನು ಕಾಯುತ್ತ ಕೂರುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು. ಆ ಭಾನುವಾರ ಕೂಸನ್ನು ಅವರ ಕಡೆ ಕಳಿಸದೆ ನನ್ನ ಹತ್ತಿರವೇ ಇಟ್ಟುಕೊಂಡು ಬೇಸನ್ ಉಂಡಿ ಹಿಡಿದು ತಾಲೀಮು ಶುರು ಮಾಡಿದೆ. “ಅಕ್ಕೋರು ಕೇಳಿದ ಕೂಡಲೇ ಏನಂತೀ?” “ನೀ ಹೋಗು.” ಒಂದು ಚೂರು ಉಂಡಿ. “ಇನ್ನೊಮ್ಮೆ?” “ನೀ ಹೋಗು.” ಇನ್ನೊಂದು ಚೂರು. ರಾತ್ರಿ ಊಟದ ಹೊತ್ತಿಗೆ ಉಂಡಿ ಖಾಲಿ, ಪಾಠ ಪಕ್ಕಾ.

ಸೋಮವಾರ ಬಾಲವಾಡಿಗೆ ಹೋದೆವು. ಅಕ್ಕೋರು ನನಗಿಂತ ನಾಲ್ಕು ವರ್ಷ ಚಿಕ್ಕವರು, ಸಿಟ್ಟಿನಲ್ಲಿ ಮಾತ್ರ ನನಗೆ ಸರಿಸಮ. ಮೊಣಕಾಲೂರಿ ಕೂತು ಕೂಸಿನ ಗಲ್ಲ ಹಿಡಿದು, “ಏನವ್ವಾ, ಏನ್ ಹೇಳತೀ?” ಎಂದರು. ಕೂಸು ಅವರನ್ನು ಮೇಲಿಂದ ಕೆಳಗೆ ನೋಡಿ, ಅವರಿಗೇ “ನೀ ಹೋಗು” ಎಂದು, ನನ್ನ ಕಡೆ ತಿರುಗಿ “ಉಂಡಿ?” ಎನ್ನುತ್ತ ಕೈ ಚಾಚಿತು.

ಅಕ್ಕೋರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಅವರು ಗೋಡೆಯ ಮೊಳೆಯಿಂದ ತಮ್ಮ ಚೀಲ ತೆಗೆದುಕೊಂಡು ಚಾಪೆಯ ಮೇಲೆ ಹೋಗಿ ಕೂತರು.

“ಇದೇನ್ ಮಾಡಾಕತ್ತೀರಿ?” ಎಂದೆ.

“ಪದ್ಧತಿ ಅಂದ್ರ ಪದ್ಧತಿರಿ. ಕೂಸು ನನಗ ಹೋಗು ಅಂತು. ಮನೀಗೆ ಹೋಗಲಿಲ್ಲಲ್ಲ, ಅದನ್ನ ಪುಣ್ಯ ಅನ್ರಿ. ಉಂಡಿ ಕೊಟ್ಟು ಕಲಿಸಿದವರು ನೀವು, ಇನ್ನ ಕ್ಲಾಸೂ ನೀವ ನೋಡ್ಕೋರಿ.” ಹೀಗೆಂದು ಚೀಲದಿಂದ ಚವಳಿಕಾಯಿ ತೆಗೆದು ನಾರು ಬಿಡಿಸತೊಡಗಿದರು.

ತಮಾಷೆ ಎಂದುಕೊಂಡೆ. ಆದರೆ ಹೆಂಗಸು ಏಳಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರನ್ನು ಗದರಿಸಿ ಕೆಲಸ ತೆಗೆಸಿದವಳು ನಾನು. ಹದಿನಾಲ್ಕು ಪಿಳ್ಳೆಗಳು ಹತ್ತು ನಿಮಿಷದಲ್ಲಿ ನನ್ನ ಬೆವರಿಳಿಸಿದವು. ಒಂದು ತೆಲುಗಿನಲ್ಲಿ ದೂರು ಹೇಳುತ್ತದೆ, ಒಂದು ಹಿಂದಿಯಲ್ಲಿ ನೀರು ಕೇಳುತ್ತದೆ, ಒಂದು ಯಾವ ಭಾಷೆಯೂ ಬೇಡವೆಂದು ಸುಮ್ಮನೆ ಕಚ್ಚುತ್ತದೆ. ನಾನು ಮೂರೂ ಭಾಷೆಗಳಲ್ಲಿ ಬೈದೆ. ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡು ಹಿಂದೆ ಹಿಂದೆಯೇ ಓಡಾಡಿದಳು. ಚಾಪೆಯ ಕಡೆಯಿಂದ ಆಗಾಗ ಒಂದು ಮಾತು ತೇಲಿಬರುತ್ತಿತ್ತು, “ಮೆಲ್ಲಕರಿ, ಕೂಸುಗಳವು, ಫೈಲ್ ಅಲ್ಲ.”

ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಸಂಜೆ ಮಗಳ ಫೋನು. “ಅಂದಳೇನಮ್ಮಾ?” “ನಾಳೆ ಅಂತಾಳ.” ಫೋನಿಟ್ಟು ನಿದ್ದೆ ಮಾಡುತ್ತಿದ್ದ ಕೂಸಿನ ಕಾಲು ಸವರುತ್ತ ಕೂರುತ್ತಿದ್ದೆ. ಇದು ಹೋದರೆ ಹೇಗಿರಬೇಕು ನಾನು ಎಂದು ಯೋಚಿಸುತ್ತಿದ್ದೆ.

ಗುರುವಾರ ಹಿತ್ತಲಲ್ಲಿ ಮಕ್ಕಳಿಗೆ ಆಡಲು ಒಂದು ಬುಟ್ಟಿ ಜೇಡಿಮಣ್ಣು ಬಂತು. ಬಳೆ ಅಂಗಡಿಯವನ ಮಗಳು ಒಲೆ ಮಾಡಲು ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಸೆರಗು ಹಗುರಾಯಿತು. ತಿರುಗಿ ನೋಡಿದರೆ ಮೊಮ್ಮಗಳು ಮೊಣಕೈವರೆಗೂ ಮಣ್ಣು ಮಾಡಿಕೊಂಡು ರೊಟ್ಟಿ ತಟ್ಟುತ್ತಿದ್ದಾಳೆ. ನಾನು ಹೆಜ್ಜೆ ಸದ್ದಾಗದಂತೆ ಹೋಗಿ ಅಕ್ಕೋರ ಪಕ್ಕ ಚಾಪೆಯಲ್ಲಿ ಕೂತೆ. ಅವರು ಅರ್ಧ ಚವಳಿಕಾಯಿ ನನ್ನ ಮಡಿಲಿಗೆ ಸುರಿದರು. ಶುಕ್ರವಾರವೂ ಕೂಸು ಮಣ್ಣು ಬಿಟ್ಟು ಏಳಲಿಲ್ಲ, ಆದರೆ ಆ ಎರಡು ಮಾತು ಮಾತ್ರ ಆಡಲಿಲ್ಲ.

ಶನಿವಾರ ಹತ್ತು ಗಂಟೆಗೆ ಮಗಳು ಬಂದಳು. ಅವಳೂ ಇದೇ ಬಾಲವಾಡಿಯವಳು, ಅದೂ ಅರ್ಧ ದಿನಕ್ಕೆ ಬಿಟ್ಟವಳು. ಆ ಜಂಬ ಇನ್ನೂ ಇಳಿದಿಲ್ಲ. ಚಪ್ಪಲಿ ಬಿಟ್ಟು ನೇರ ಹಿತ್ತಲಿಗೆ ಹೋಗಿ ಕೂಸಿನೆದುರು ಕೂತಳು. ನಾನೂ ಅಕ್ಕೋರೂ ಬಾಗಿಲಲ್ಲಿ ನಿಂತೆವು.

“ಪುಟ್ಟೀ, ಇಲ್ಲೇ ಇರತೀಯೇನು, ಮಣಿಕೊಂಡದ ಸಾಲಿಗೆ ಬರತೀಯೇನು?”

ಕೂಸು ತಲೆ ಎತ್ತಲಿಲ್ಲ. ರೊಟ್ಟಿ ಮಗುಚಿ ಹಾಕಿ ಹೇಳಿತು, “ನಾ ಇಲ್ಲೇ ಇರತೀನಿ.”

ಕಂಡ ದೇವರಿಗೆಲ್ಲ ಕೈ ಮುಗಿದೆ. ಗೆದ್ದೆ ಎಂದುಕೊಂಡು ಅಕ್ಕೋರ ಕಡೆ ನೋಡಿ ನಗುವಷ್ಟರಲ್ಲಿ ಕೂಸು ಮಾತು ಮುಂದುವರಿಸಿತು.

“ನೀ ಅಜ್ಜೀನ ಕರಕೊಂಡು ಹೋಗು. ಆಕಿ ಎಲ್ಲಾರಿಗೂ ಭಾಳ ಬೈತಾಳ. ಅಕ್ಕೋರು ಬರಲಿ.”

ಅಕ್ಕೋರು ಚೀಲವನ್ನು ಮೊಳೆಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹಿತ್ತಲಿಗೆ ಇಳಿದರು. ಮಕ್ಕಳೆಲ್ಲ ಅವರ ಸುತ್ತ ಮುತ್ತಿಕೊಂಡವು, ನನ್ನದೂ ಸೇರಿ. ಮಧ್ಯಾಹ್ನ ಊಟಕ್ಕೆ ಅದು ನನ್ನ ಮನೆಗೇ ಬರುತ್ತದೆ, ಇನ್ನೂ ಎಷ್ಟೋ ಮಧ್ಯಾಹ್ನ ಬರುತ್ತದೆ. ಎಲ್ಲ ಗೊತ್ತಿತ್ತು ನನಗೆ. ಆದರೂ ಹೋಗಿ ಆ ಚಾಪೆಯ ಮೇಲೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಏಳು ಅಮ್ಮಾ, ಏಳು ಎಂದು ಮಗಳು ಎರಡು ಸಲ ಕೈ ಹಿಡಿದು ಎಳೆಯಬೇಕಾಯಿತು.