ಹುಳುಮನೆಗೆ ವಾಸನೆ ಆಗದು

ಬಸ್ಸು ಮಂಚೇನಹಳ್ಳಿ ದಾಟುವಾಗ ಕೆಟ್ಟು ನಿಲ್ಲಬಹುದಿತ್ತು. ಪಕ್ಕದ ಸೀಟಿಗೆ ನಮ್ಮ ಆಫೀಸಿನ ಜವಾನ ಬಂದು ಕೂತು, ಏನ್ ಸಾರ್ ಭಾನುವಾರ ಗೌರಿಬಿದನೂರಿಗೆ ಎಂದು ಕೇಳಬಹುದಿತ್ತು. ಸಭೆಯಲ್ಲಿ ನನ್ನ ಷಡ್ಡಕನೇ ಕೂತಿರಬಹುದಿತ್ತು. ಸಭೆಯ ಕೋಣೆ ಸಿಗದೆ ಬಾರು ಸಿಗಬಹುದಿತ್ತು. ಬಾರು ನನಗೆ ಯಾವ ಊರಿನಲ್ಲೂ ಸಿಗದೆ ಹೋದದ್ದಿಲ್ಲ. ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಬಹುದಿತ್ತು. ಎಲ್ಲರೆದುರು ಅತ್ತುಬಿಡಬಹುದಿತ್ತು. ಅಳು ಬಾರದೆ ಮಾನ ಹೋಗಬಹುದಿತ್ತು. ವಾಪಸು ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿರಬಹುದಿತ್ತು.

ಕೊನೆಯದೊಂದು ಮಾತ್ರ ನನ್ನ ಎಂದಿನ ಹುಚ್ಚು ಚಿಂತೆಯಲ್ಲ.

ನಮ್ಮದು ಶಿಡ್ಲಘಟ್ಟದ ಮಗ್ಗುಲ ಹಳ್ಳಿ. ನಾನು ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತ. ಮನೆ ನಿಂತಿರುವುದು ಹೆಂಡತಿ ಸಾಕುವ ರೇಷ್ಮೆ ಹುಳದ ಮೇಲೆ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಘಾಟು ಹೊತ್ತು ಬಂದವರನ್ನಂತೂ ಹೊಸ್ತಿಲಿಗೂ ಸೇರಿಸುವುದಿಲ್ಲ. ಬೀಡಿಯಾಗಲಿ ಊದಿನಕಡ್ಡಿಯಾಗಲಿ, ಹುಳಕ್ಕೆ ಆಗದು. ಹಾಗಾಗಿ ನಮ್ಮ ಕಡೆ ಹೆಂಗಸರ ಮೂಗು ಬಲು ಚುರುಕು. ನಾನು ಏಲಕ್ಕಿ, ಲವಂಗ, ಒಮ್ಮೆ ಹಸಿ ಈರುಳ್ಳಿಯನ್ನೂ ಅಗಿದು ಬಂದವನು. ಅವಳು ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದು, ಕುಡಿದದ್ದೇನು, ಅಗಿದದ್ದೇನು, ಎರಡನ್ನೂ ಹೇಳಿ ಒಳಗೆ ಹೋಗುತ್ತಿದ್ದಳು.

ಆಮೇಲೆ ಹೇಳುವುದನ್ನೂ ನಿಲ್ಲಿಸಿದಳು. ಬೈಗುಳಕ್ಕೆ ನಾನು ಹೆದರಿದವನಲ್ಲ, ಅದಕ್ಕೆ ಹೊಂದಿಕೊಂಡಿದ್ದೆ. ಈಗ ಮನೆಯಲ್ಲಿ ಕೇಳುತ್ತಿದ್ದದ್ದು ಹುಳ ಸೊಪ್ಪು ಮೇಯುವ ಸದ್ದೊಂದೇ, ಯಾರೋ ಕತ್ತಲಲ್ಲಿ ಕೂತು ಕಾಗದ ಹರಿಯುತ್ತಿರುವ ಹಾಗೆ. ಒಂದು ಬೆಳಿಗ್ಗೆ ಸೊಪ್ಪು ಹಾಕುತ್ತಲೇ, ನನ್ನ ಕಡೆ ತಿರುಗದೆ ಅಂದಳು: "ನಾಕನೇ ಜ್ವರದಿಂದ ಎದ್ದವೆ. ಇನ್ನೊಂದ್ ಸಲ ವಾಸ್ನೆ ಬಂದ್ರೆ, ಗೂಡು ಕಟ್ಟೋವರ್ಗೂ ಇದ್ದು, ಆಮೇಲೆ ಮಗೂನ ಕರ್ಕೊಂಡು ಚಿಂತಾಮಣಿಗೆ ಹೋಗ್ತೀನಿ."

ಚಿಂತಾಮಣಿ ಅವಳ ತವರು. ಜ್ವರವೆಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿದ ಮೇಲೆ ಗೂಡಿಗೆ ವಾರ ಹಿಡಿದರೆ ಹೆಚ್ಚು.

ಅವತ್ತೇ ಚಿಕ್ಕಬಳ್ಳಾಪುರದಲ್ಲಿ ಬಿಪಿ ತೋರಿಸುವ ನೆಪ ಮಾಡಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ನನ್ನ ಸ್ನೇಹಿತನೊಬ್ಬ ಕುಡಿತ ಬಿಡಬೇಕಂತಾನೆ ಎಂದೆ. ಆಕೆ ನನ್ನ ನಡುಗುವ ಬೆರಳುಗಳನ್ನೇ ನೋಡುತ್ತ, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಸ್ನೇಹಿತರಿಗೆ ಮಾತ್ರೆ ಬರೆದುಕೊಡುತ್ತೇನೆ, ನಾಡಿ ಮಾತ್ರ ನಿಮ್ಮದೇ ನೋಡುತ್ತೇನೆ ಅಂದರು. ಬಿಟ್ಟವರೂ ಬಿಡಬೇಕೆನ್ನುವವರೂ ಸೇರುವ ಗುಂಪುಗಳಿವೆ, ಇಲ್ಲೂ ಇದೆ, ಚಿಂತಾಮಣಿಯಲ್ಲೂ ಇದೆ, ಗೌರಿಬಿದನೂರಿನಲ್ಲೂ ಇದೆ ಎಂದು ವಿಳಾಸ ಹೇಳಿದರು. ಇಲ್ಲಿ ಆಫೀಸು. ಚಿಂತಾಮಣಿಯಲ್ಲಿ ಮಾವನ ಮನೆ. ಗೌರಿಬಿದನೂರು ಉಳಿಯಿತು. ಹೆಂಡತಿಗೆ ಹೇಳಲಿಲ್ಲ, ಹೇಳಿಬಿಟ್ಟು ಅರ್ಧ ದಾರಿಯಲ್ಲಿ ತಿರುಗಿ ಬಂದರೆ?

ಮರುದಿನ, ಭಾನುವಾರ, ಅಲ್ಲಿ ಇಳಿದಾಗ ಮೋಡ ಕವಿದಿತ್ತು. ಬೀದಿಯುದ್ದ ಷಟರು ಇಳಿದಿದ್ದವು. ತೆರೆದಿದ್ದದ್ದು ಒಂದೇ ಅಂಗಡಿ, ಯಾವುದೆಂದು ಹೇಳಬೇಕಿಲ್ಲ. ಅದರ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಒಳಗಿನ ಮಬ್ಬಿನಿಂದ ಒಬ್ಬ, ಬಹಳ ದಿನದ ಗುರುತಿನವನಂತೆ, "ರಾ ಅನ್ನಾ" ಎಂದು ತೆಲುಗಿನಲ್ಲಿ ಒಳಗೆ ಕರೆದ. ಅವನನ್ನು ನಾನು ಕಂಡವನೇ ಅಲ್ಲ. ಅವನಿಗೆ ಮಾತ್ರ ನಾನು ಚೆನ್ನಾಗಿ ಗೊತ್ತಿದ್ದೆ. ಓಡುವ ಹಾಗೆ ನಡೆದೆ.

ಮಹಡಿಯ ಮೇಲಿನ ಕೋಣೆಯಲ್ಲಿ ಕುಡುಮಲಕುಂಟೆಯ ಕಾರ್ಖಾನೆಯವರು ಇಬ್ಬರು, ಒಬ್ಬರು ಮೇಷ್ಟ್ರು, ಉರ್ದು ಬೆರೆತ ಕನ್ನಡದ ಒಬ್ಬ ಹಿರಿಯರು. ಯಾರೂ ಹೆಸರು ಕೇಳಲಿಲ್ಲ, ಆಣೆ ಹಾಕಿಸಲಿಲ್ಲ. ಬಸ್ಸಿನಲ್ಲಿ ಉರು ಹೊಡೆದಿದ್ದ ಭಾಷಣ ಮರೆತುಹೋಗಿ, ನಮ್ಮನೇಲಿ ಹುಳ ಸಾಕ್ತೀವಿ ಎಂದು ಶುರುಮಾಡಿ, ಹೆಂಡತಿಯ ಮಾತು ಹೇಳಿ ನಿಲ್ಲಿಸಿದೆ. ಯಾರೂ ನಗಲಿಲ್ಲ.

ಏಳುವಾಗ ಹಿರಿಯರು ನನ್ನ ಜೊತೆಗೇ ಮೆಟ್ಟಿಲಿಳಿದರು. "ಬಸ್ ಸ್ಟ್ಯಾಂಡ್‌ತನಕ ಬರ್ತೀನಿ ನಡೀರಿ. ಆ ಅಂಗ್ಡಿ ಮುಂದೆ ನಂಗೂ ಒಬ್ನೇ ಹೋಗಕ್ಕಾಗಲ್ಲ." ಬಿಟ್ಟು ವರ್ಷಗಳಾಗಿದ್ದವಂತೆ. ಬಸ್ಸು ಹತ್ತುವ ಮುಂಚೆ, ಮಗುವನ್ನು ಅಪ್ಪುವ ಹಾಗೆ ಕೆನ್ನೆಗೆ ಕೆನ್ನೆಯೊತ್ತಿ ಅಪ್ಪಿಕೊಂಡರು.

ಬಸ್ಸು ಕೆಡಲಿಲ್ಲ. ಮನೆಗೆ ಬೀಗ ಬಿದ್ದಿರಲಿಲ್ಲ. ಹೆಂಡತಿ ಸೊಪ್ಪಿನ ಪುಟ್ಟಿ ಹಿಡಿದು ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ಬಹಳ ಕಾಲದ ಮೇಲೆ ಏನನ್ನೂ ಅಗಿಯದೆ ಅವಳ ಎದುರಿಗೆ ಹೋದೆ. ಅವಳು ಉಸಿರೆಳೆದಳು. ಮುಖ ಕಪ್ಪಿಟ್ಟಿತು.

"ಇವತ್ತು ಯಾವ್ದನ್ನ ಮುಚ್ಚಕ್ಕೆ ಇದನ್ನ ಬಳ್ಕೊಂಡ್ ಬಂದ್ರಿ?"

ಆಗ ನನ್ನ ಮೂಗಿಗೂ ಬಡಿಯಿತು, ಅತ್ತರಿನ ಘಾಟು. ಗೌರಿಬಿದನೂರು, ಮಹಡಿ, ಆ ಹಿರಿಯರು ಅಪ್ಪಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅದು ನನಗೇ ಕಟ್ಟುಕಥೆಯಂತೆ ಕೇಳಿಸಿತು. ಅವಳು ಪುಟ್ಟಿ ಕೆಳಗಿಟ್ಟು ಹತ್ತಿರ ಬಂದಳು.

"ಬಾಯಿ ಬಿಡಿ."

ಬಿಟ್ಟೆ. ಹುಳುಮನೆಯೊಳಗೆ ಹುಳ ಸೊಪ್ಪು ಮೇಯುತ್ತಲೇ ಇದ್ದವು. ಅವಳು ಒಂದಲ್ಲ, ಎರಡು ಸಲ ಉಸಿರೆಳೆದು, ಹಿಂದೆ ಸರಿದಳು.

"ಸ್ನಾನ ಮಾಡಿ. ಅಂಗಿ ಆಚೇನೇ ಇರ್ಲಿ. ಹುಳಕ್ಕೆ ಅತ್ತರೂ ಆಗಲ್ಲ."

ತಿಕ್ಕಿ ತಿಕ್ಕಿ ತೊಳೆದರೂ ಅದು ಮೀಸೆಯಲ್ಲಿ ಉಳಿದುಕೊಂಡಿತು. ಆ ಸಂಜೆಯೂ ನನ್ನನ್ನು ಹುಳುಮನೆಗೆ ಬಿಡಲಿಲ್ಲ. ಕುಡಿಯದೆ ಆಚೆ ಕೂತದ್ದು ಅದೇ ಮೊದಲು.